ಸಂದು ಮತ್ತು ಸಂಧಿ

ಗೋಡೆಯ ಬಿರುಕನ್ನು ಕುರಿತು ಬಾನುಲಿಯಲ್ಲಿ ಮಾತನಾಡಲು ಕನ್ನಡ ಮೇಷ್ಟರಿಗೆ ಏನು ಅಧಿಕಾರ ಎಂದು ಕೆಲವರಾದರೂ ಕೇಳಿಯಾರು. ಅಧಿಕಾರವೇನೂ ಇಲ್ಲ. ಮೂವತ್ತೈದು ವರ್ಷ ತರಗತಿಯಲ್ಲಿ ಸಂಧಿಪ್ರಕರಣವನ್ನು ಪಾಠ ಹೇಳಿದವನ ಮನೆಯಲ್ಲೇ ಒಂದು ಸಂದು ಹದಿನಾರು ವರ್ಷ ಮುಚ್ಚದೆ ಉಳಿಯಿತು. ಕೊನೆಗೆ ಅದನ್ನು ಮುಚ್ಚಿದ ಬಗೆಯನ್ನು ಕಣ್ಣಾರೆ ಕಂಡ ಮೇಲೆ, ಮನುಷ್ಯ ತಾನು ಕಟ್ಟಿದ್ದರ ಸಂದುಗಳನ್ನು ಹಿಂದಿನಿಂದಲೂ ಹೇಗೆ ಮುಚ್ಚುತ್ತ ಬಂದಿದ್ದಾನೆ ಎಂದು ತಿಳಿಯುವ ಚಪಲ ಹುಟ್ಟಿತು. ಈ ಮಾತುಗಳು ಆ ಚಪಲದ ಫಲ.

ಶಿವಮೊಗ್ಗೆಯ ನಮ್ಮ ಮನೆ ಎರಡು ಕಾಲದ್ದು. ಮುಂಭಾಗವನ್ನು ನನ್ನ ತಂದೆ 1956ರಲ್ಲಿ ಕಟ್ಟಿಸಿದರು. ಇಟ್ಟಿಗೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ಹಿಂಭಾಗದ ಕೋಣೆಯನ್ನು 2001ರಲ್ಲಿ ನಾನು ಪುಸ್ತಕಗಳಿಗೆಂದು ಸೇರಿಸಿದೆ, ಅದು ಕಾಂಕ್ರೀಟಿನದು. ಕೆಲಸ ಹಿಡಿದಿದ್ದ ಮೇಸ್ತ್ರಿ ಹಳೆಯ ಗೋಡೆಗೂ ಹೊಸದಕ್ಕೂ ನಡುವೆ ಒಂದು ಬೆರಳು ಸಂದು ಬಿಡುತ್ತೇನೆಂದು ಹೇಳಿದ್ದ. ನಾನು ಒಪ್ಪಲಿಲ್ಲ. ‘ಮನೆ ಎಂದ ಮೇಲೆ ಒಂದಾಗಿ ಕಾಣಬೇಕಪ್ಪ, ಇದೇನು ಎರಡು ಸಂಸಾರವೇ’ ಎಂದು ಹಾಸ್ಯ ಮಾಡಿದೆ. ಆತ ನಕ್ಕು, ಹಳೆಯ ಇಟ್ಟಿಗೆಗೆ ಹಲ್ಲು ಕೊರೆದು, ಹೊಸ ಗೋಡೆಯನ್ನು ಅದಕ್ಕೆ ಕಚ್ಚಿಸಿ, ಮೇಲೆ ಸಿಮೆಂಟು ಬಳಿದು ನಯಮಾಡಿಕೊಟ್ಟ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೆಲದಿಂದ ಚಾವಣಿಯವರೆಗೆ ದಾರದಂತಹ ಒಂದು ಗೆರೆ ಮೂಡಿತು.

ಆ ಗೆರೆಗೆ ನಾಲ್ಕು ಸಲ ಸಿಮೆಂಟು ತುಂಬಿಸಿದೆ. ನಾಲ್ಕು ಸಲವೂ ಅದು ಬಾಯಿ ಬಿಟ್ಟಿತು. ಬೇಸಗೆಯಲ್ಲಿ ನೋಡಿದರೆ ಬಿರುಕು ಮುಚ್ಚಿದಂತೆಯೇ ಕಾಣುವುದು. ಏಪ್ರಿಲ್ ತಿಂಗಳ ಬಿಸಿಲಿಗೆ ಗೋಡೆಗಳು ಹಿಗ್ಗಿ ಒಂದನ್ನೊಂದು ಒತ್ತಿಕೊಂಡಿರುತ್ತವೆ. ಜೂನ್ ಕಳೆದು ಹವೆ ತಣ್ಣಗಾದೊಡನೆ ಕುಗ್ಗಿ ದೂರ ಸರಿಯುತ್ತವೆ. ಎಂದರೆ, ಮಳೆ ಯಾವಾಗ ಸುರಿಯುತ್ತದೋ ಸರಿಯಾಗಿ ಆವಾಗಲೇ ಬಾಗಿಲು ತೆರೆದಂತೆ. ಇದರಲ್ಲಿ ಗೋಡೆಯ ತಪ್ಪೇನೂ ಇರಲಿಲ್ಲವೆಂದು ಈಗ ತಿಳಿದಿದೆ. ಆಗ ಮಾತ್ರ ಮೇಸ್ತ್ರಿಗಳನ್ನು ಬಯ್ದುಕೊಂಡು ಕಾಲ ಕಳೆದೆ.

2018ರ ಆಗಸ್ಟಿನ ಮಳೆಯನ್ನು ಮಲೆನಾಡಿನವರು ಮರೆತಿರಲಾರರು. ಆ ತಿಂಗಳು ನಾನು ಊರಿನಲ್ಲಿ ಇರಲಿಲ್ಲ. ಹಿಂದಿರುಗಿ ಪುಸ್ತಕದ ಕೋಣೆಯ ಬೀಗ ತೆಗೆದಾಗ, ಆ ಗೋಡೆಗೆ ಒರಗಿಸಿದ್ದ ಮರದ ಪೆಟ್ಟಿಗೆ ಅಡಿಯಿಂದ ಮೇಲಿನವರೆಗೆ ನೀರು ಕುಡಿದು ಊದಿಕೊಂಡಿತ್ತು. ಅದರಲ್ಲಿದ್ದದ್ದು ನನ್ನ ಗುರುಗಳ ಕೈಬರಹದ ಟಿಪ್ಪಣಿಗಳು: ಶಬ್ದಮಣಿದರ್ಪಣವನ್ನು ಅವರು ಎಂ.ಎ. ತರಗತಿಗೆ ಪಾಠ ಹೇಳುವಾಗ ಬರೆದಿಟ್ಟುಕೊಂಡಿದ್ದ ಏಳು ನೋಟುಪುಸ್ತಕಗಳು. ಅವರು ತೀರಿಕೊಂಡ ಮೇಲೆ ಮಗಳು ಅವನ್ನು ನನಗೆ ಕೊಟ್ಟಿದ್ದರು, ಸಂಪಾದಿಸಿ ಅಚ್ಚು ಮಾಡಿಸಲೆಂದು. ಇವತ್ತು ನಾಳೆ ಎನ್ನುತ್ತ ಒಂಬತ್ತು ವರ್ಷ ದೂಡಿದ್ದೆ. ನೀಲಿ ಶಾಯಿ ನೀರಿಗೆ ಹರಡಿ ಐದು ಪುಸ್ತಕಗಳ ಪುಟಗಳೆಲ್ಲ ಒಂದೇ ಸಮನೆ ತಿಳಿನೀಲಿಯಾಗಿದ್ದವು. ಓದಲು ಒಂದು ಸೂತ್ರವೂ ಉಳಿದಿರಲಿಲ್ಲ.

ಮರುವರ್ಷ ಬೇಸಗೆ ಮುಗಿಯುವ ಮುನ್ನ, ಪರಿಚಿತರೊಬ್ಬರು ಹೇಳಿದರೆಂದು, ಸಂದು ತುಂಬುವುದನ್ನೇ ಕಸುಬು ಮಾಡಿಕೊಂಡ ಹುಡುಗನೊಬ್ಬನನ್ನು ಕರೆಸಿದೆ. ಅವನು ಸಿಮೆಂಟು ತರಲಿಲ್ಲ. ಹೆಗಲಮೇಲೆ ಸುರುಳಿ ಸುತ್ತಿದ ಬೂದುಬಣ್ಣದ ಹಗ್ಗವೊಂದನ್ನು ಹಾಕಿಕೊಂಡು ಬಂದ. ಬೆರಳಿನ ಗಾತ್ರ, ಹತ್ತಿಯಷ್ಟು ಹಗುರ, ಒತ್ತಿದರೆ ಅಮುಕುವುದು, ಬಿಟ್ಟರೆ ಮೊದಲಿನಂತಾಗುವುದು. ಪ್ಲಾಸ್ಟಿಕ್ಕಿನ ನೊರೆಯನ್ನು ಗಟ್ಟಿಯಾಗಿಸಿ ಹೊಸೆದಂತಿತ್ತು. ‘ಏನಪ್ಪ ಇದು?’ ಎಂದೆ. ‘ಬ್ಯಾಕರ್ ರಾಡ್ ಸಾರ್’ ಎಂದ. ನೀರನ್ನು ತಡೆಯುವುದು ಇದೇನೇ ಎಂದು ಕೇಳಿದ್ದಕ್ಕೆ, ‘ಇಲ್ಲ ಸಾರ್, ನೀರು ತಡೆಯೋದು ಮೇಲಿಂದು. ಇದು ಸುಮ್ನೆ ಒಳಗೆ ಕೂತಿರುತ್ತೆ’ ಎಂದು ಉತ್ತರ ಬಂತು.

ಸುಮ್ಮನೆ ಒಳಗೆ ಕುಳಿತಿರುವ ಈ ಪದಾರ್ಥದ ವಂಶಾವಳಿಯನ್ನು ಹುಡುಕುತ್ತ ಹೋದರೆ ಬಹಳ ದೂರ ಹೋಗಬೇಕಾಗುತ್ತದೆ.

ಮೊದಲು ಮಾತಿನಿಂದಲೇ ಹೊರಡೋಣ. ನನಗೆ ಗೊತ್ತಿರುವ ದಾರಿ ಅದೊಂದೇ. ಸಂಸ್ಕೃತದ ‘ಸಂಧಿ’ಯೇ ತದ್ಭವವಾಗಿ ನಮ್ಮಲ್ಲಿ ‘ಸಂದಿ’, ‘ಸಂದು’ ಆಗಿದೆ. ತಮಾಷೆಯೆಂದರೆ, ಸಂಧಿ ಎಂದರೆ ಕೂಡುವಿಕೆ. ಸಂದು ಎಂದರೆ ಬಿಟ್ಟುಹೋದ ಎಡೆ. ಒಂದೇ ಶಬ್ದ ಪಂಡಿತರ ಮನೆಯಲ್ಲಿ ಸೇರಿಕೆಯಾಗಿ ಬೀದಿಯಲ್ಲಿ ಬಿರುಕಾಯಿತು. ಎರಡೂ ನಿಜವೇ. ಎರಡು ವಸ್ತುಗಳು ಎಲ್ಲಿ ಕೂಡುತ್ತವೆಯೋ ಅಲ್ಲಿಯೇ ತಾನೆ ಎಡೆ ಬೀಳುವುದು!

ಆ ಎಡೆಯನ್ನು ಶಾಶ್ವತವಾಗಿ ಇಲ್ಲವಾಗಿಸಬೇಕೆಂಬುದು ಹಳಬರ ಆಸೆ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ತೂಬರೆಯ ಎಳೆಗಾಯಿ, ಬೇಲದ ಎಳೆಗಾಯಿ, ಬೂರುಗದ ಹೂವು, ಬಜೆ ಮೊದಲಾದವನ್ನು ಒಂದು ದ್ರೋಣ ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಪಾಲಿಗೆ ಇಳಿಸಬೇಕು. ಅದಕ್ಕೆ ಗುಗ್ಗುಳ, ಗೇರು, ರಾಳ, ಅಗಸೆ, ಬಿಲ್ವಗಳ ಕಲ್ಕವನ್ನು ಬೆರೆಸಬೇಕು. ಬಿಸಿಯಿರುವಾಗಲೇ ದೇವಾಲಯ, ಉಪ್ಪರಿಗೆ, ಲಿಂಗ, ಪ್ರತಿಮೆ, ಗೋಡೆ, ಬಾವಿಗಳಿಗೆ ಬಳಿಯಬೇಕು. ಮಯನದೆಂದು ಹೇಳಿ ಇನ್ನೊಂದು ಲೋಹದ ಪಾಕವನ್ನೂ ಕೊಟ್ಟಿದ್ದಾನೆ. ಅದರಲ್ಲಿ ಎಂಟು ಪಾಲು ಸೀಸ. ವಜ್ರಲೇಪ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಅವನು ಕೊಡುವ ಲೆಕ್ಕ ಸಾವಿರ ಸಲ ಹತ್ತು ಸಾವಿರ ವರ್ಷ, ಅಂದರೆ ಒಂದು ಕೋಟಿ ವರ್ಷ. ಜ್ಯೋತಿಷಿಯ ಗಣಿತಕ್ಕೆ ನಾವು ನಗಬಹುದು. ಆದರೆ ‘ಅವನ ಮಾತು ವಜ್ರಲೇಪ’ ಎಂದು ಇಂದಿಗೂ ಹೇಳುವ ನಾವು ಅದೇ ಆಸೆಯನ್ನು ಬಾಯಿಯಲ್ಲಿ ಉಳಿಸಿಕೊಂಡಿದ್ದೇವೆ.

ನಮ್ಮ ಶಿಲ್ಪಿಗಳು ಹಿಡಿದ ಇನ್ನೊಂದು ದಾರಿ, ಲೇಪವೇ ಬೇಡದಂತೆ ಕೂಡಿಸುವುದು. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು. ಮುಖಕ್ಕೆ ಮುಖ ತಿಕ್ಕಿ ಹೊಂದಿಸಿದರೆ ನಡುವೆ ಗಾರೆಗೆ ಎಡೆಯೇ ಇಲ್ಲ. ವಿಜಯನಗರದ ಕೋಟೆಗೋಡೆಗಳಲ್ಲಿಯೂ ಹಾಗೆಯೇ, ಆನೆಯಂತಹ ಕಣಶಿಲೆಯ ಬಂಡೆಗಳು ಗಾರೆಯಿಲ್ಲದೆ ಒಂದನ್ನೊಂದು ಕಚ್ಚಿ ನಿಂತಿವೆ. ‘ಊರು’ ‘ಊರು’ ಸೇರಿ ‘ಊರೂರು’ ಆಗುವಾಗ ನಡುವಿನ ಉಕಾರ ಅಳಿಯುತ್ತದಲ್ಲ, ಲೋಪಸಂಧಿ, ಅಂಥದ್ದು ಇದು. ಆದರೆ ಇದು ಅರಸರ ಖಜಾನೆಗೆ ಮಾತ್ರ ಸಾಧ್ಯವಾದ ಸಂಧಿ. ಸಾಮಾನ್ಯನ ಮನೆಗೆ, ದೋಣಿಗೆ, ನೀರಿನ ತೊಟ್ಟಿಗೆ ಬೇರೆ ಉಪಾಯ ಬೇಕಿತ್ತು.

ಅದನ್ನು ಕಂಡುಕೊಂಡವರು ಕಡಲಿನವರು. ಮನೆಯ ಗೋಡೆ ಅಲುಗುವುದು ನಮ್ಮ ಕಣ್ಣಿಗೆ ಕಾಣದಷ್ಟು ಅಲ್ಪ. ಹಡಗಾದರೋ ಕ್ಷಣಕ್ಷಣಕ್ಕೂ ತಿರುಚಿಕೊಳ್ಳುತ್ತದೆ. ಅಲ್ಲಿ ವಜ್ರದಂತೆ ಗಟ್ಟಿಯಾದದ್ದನ್ನು ತುಂಬಿದರೆ ಮೊದಲ ಅಲೆಗೇ ಸೀಳುತ್ತದೆ. ಅರಬ್ಬೀ ಕಡಲಿನ ನಮ್ಮ ಕರೆಯಲ್ಲಿ ಹಲಗೆಗಳನ್ನು ಮೊಳೆ ಹೊಡೆದು ಸೇರಿಸುತ್ತಿರಲಿಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಹಾರ್ಮುಜಿನಲ್ಲಿ ಅಂತಹ ಹಡಗುಗಳನ್ನು ನೋಡಿದ ಮಾರ್ಕೊ ಪೋಲೊ, ಇವು ಅಪಾಯದ ಹಡಗುಗಳು, ಬಹಳಷ್ಟು ಮುಳುಗುತ್ತವೆ ಎಂದು ಮೂಗು ಮುರಿದ. ವೆನಿಸಿನವನಿಗೆ ಹೊಲಿಗೆಯ ಮರ್ಮ ಹೊಳೆಯಲಿಲ್ಲ. ಹೊಲಿದ ಹಡಗಿನ ಮೈ ಅಲೆಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹಲಗೆ ಹಲಗೆಯ ನಡುವಣ ಸಂದಿನುದ್ದಕ್ಕೂ ನಾರಿನ ಸಿವುಡನ್ನಿಟ್ಟು ಅದರ ಮೇಲೆ ಹುರಿಯನ್ನು ಬಿಗಿದು ಹೊಲಿಯುವುದು ಈ ಕೆಲಸದ ಜೀವಾಳ. ಅಜಂತೆಯ ಐದನೆಯ ಶತಮಾನದ ವರ್ಣಚಿತ್ರವೊಂದರ ಹಡಗನ್ನು ಮಾದರಿಯಾಗಿಟ್ಟುಕೊಂಡು ಹೀಗೆ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗನ್ನು 2025ರ ಮೇ 21ರಂದು ನಮ್ಮ ಕಾರವಾರದಲ್ಲಿಯೇ ಭಾರತದ ನೌಕಾಪಡೆಗೆ ಸೇರಿಸಿಕೊಂಡರು. ನಾರಿನ ಹಗ್ಗ, ತೆಂಗಿನ ನಾರು, ರಾಳ, ಇಷ್ಟರಿಂದಲೇ ಅದರ ಸಂದುಗಳು ಮುಚ್ಚಿವೆ. ಪತ್ರಿಕೆಯಲ್ಲಿ ಅದರ ಚಿತ್ರವನ್ನು ನೋಡಿದಾಗ ನಮ್ಮ ಮನೆಗೆ ಬಂದಿದ್ದ ಬೂದುಬಣ್ಣದ ಹಗ್ಗ ನೆನಪಾಯಿತು. ಅದರ ಮುತ್ತಜ್ಜಿ ಈ ನಾರಿನ ಸಿವುಡೇ.

ಯೂರೋಪಿನ ಮೊಳೆಯ ಹಡಗುಗಳಿಗೂ ಇದೇ ಬೇಕಾಯಿತು, ಬೇರೆ ರೂಪದಲ್ಲಿ. ಹಡಗಿನ ಹಳೆಯ ಹಗ್ಗಗಳನ್ನು ತುಂಡರಿಸಿ, ಎಳೆಎಳೆಯಾಗಿ ಬಿಡಿಸಿ, ಆ ನಾರನ್ನು ಹಲಗೆಗಳ ಸಂದಿಗೆ ಉಳಿಯಿಂದ ಜಡಿದು, ಮೇಲೆ ಕಾದ ಡಾಂಬರಿನಂತಹ ರಾಳವನ್ನು ಹೊಯ್ಯುತ್ತಿದ್ದರು. ಬಿಡಿಸಿದ ಆ ನಾರಿಗೆ ಓಕಂ ಎಂದು ಹೆಸರು. ಬಿಡಿಸುವ ಹಳೆಯ ಹಗ್ಗಕ್ಕೆ ನಾವಿಕರ ಭಾಷೆಯಲ್ಲಿ ‘ಜಂಕ್’ ಎನ್ನುತ್ತಿದ್ದರು; ನಾವು ಇಂದು ಕೆಲಸಕ್ಕೆ ಬಾರದ ಕಸಕ್ಕೆಲ್ಲ ಬಳಸುವ ಇಂಗ್ಲಿಷ್ ಶಬ್ದ ಹೊರಟದ್ದು ಅಲ್ಲಿಂದ. ಕಸವೆಂದು ಹೆಸರಾದದ್ದು ಹಡಗನ್ನು ತೇಲಿಸುತ್ತಿತ್ತು ಎಂಬುದನ್ನು ಶಬ್ದ ಮರೆತುಬಿಟ್ಟಿದೆ.

ಡಾಂಬರು ಹಿಡಿದು ಕಲ್ಲಾದ ಹಗ್ಗವನ್ನು ಉಗುರಿನಿಂದ ಬಿಡಿಸಲು ಯಾರೂ ತಾವಾಗಿ ಬರುತ್ತಿರಲಿಲ್ಲ. ಆದ್ದರಿಂದ ಆ ಕೆಲಸ ಇಂಗ್ಲೆಂಡಿನ ಸೆರೆಮನೆಗಳಿಗೂ ಬಡವರ ದುಡಿಮೆಮನೆಗಳಿಗೂ ಹೋಯಿತು. ಡಿಕನ್ಸನ ಆಲಿವರ್ ಟ್ವಿಸ್ಟನ್ನು ನೀವು ಓದಿದ್ದೀರಿ. ಆ ಅನಾಥ ಬಾಲಕನಿಗೆ, ನಾಳೆ ಬೆಳಗಿನ ಆರು ಗಂಟೆಯಿಂದ ನಿನ್ನ ಕಸುಬು ಇದು ಎಂದು ಮಂಡಳಿಯವರು ಗೊತ್ತುಮಾಡುವುದು ಈ ಓಕಂ ಬಿಡಿಸುವ ಕೆಲಸವನ್ನೇ. 1895ರಲ್ಲಿ ಎರಡು ವರ್ಷದ ಕಠಿಣ ಸಜೆಗೆ ಗುರಿಯಾದ ಆಸ್ಕರ್ ವೈಲ್ಡ್ ಕೂಡ ಸೆರೆಮನೆಯಲ್ಲಿ ಹಗ್ಗ ಬಿಡಿಸಿದ. ಲಂಡನ್ನಿನ ನಾಟಕಶಾಲೆಗಳನ್ನು ನಗಿಸಿದ ಬೆರಳುಗಳು ಅವು. ರೆಡಿಂಗ್ ಸೆರೆಮನೆಯನ್ನು ಕುರಿತು 1898ರಲ್ಲಿ ಅವನು ಪ್ರಕಟಿಸಿದ ಕವನದಲ್ಲಿ ಆ ಹಗ್ಗವೂ ಆ ಉಗುರುಗಳೂ ಬರುತ್ತವೆ. ಮುಖಪುಟದಲ್ಲಿ ಕವಿಯ ಹೆಸರಿರಲಿಲ್ಲ, ಅವನ ಕೋಣೆಯ ಸಂಖ್ಯೆ ಇತ್ತು. ಸಾಹಿತ್ಯ ಚರಿತ್ರೆಯ ಪಾಠ ಹೇಳುವಾಗ ಈ ಕವನದ ಬಗ್ಗೆ ಎಷ್ಟೋ ಸಲ ಪ್ರಸ್ತಾಪಿಸಿದ್ದೇನೆ. ಅಲ್ಲಿ ಹಗ್ಗವನ್ನು ಏಕೆ ಬಿಡಿಸುತ್ತಿದ್ದರು ಎಂದು ಮಾತ್ರ ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಕಡಲಿನ ಈ ವಿದ್ಯೆ ನೆಲಕ್ಕೆ ಬಂದದ್ದು ನೀರಿನ ಕೊಳವೆಗಳ ಮೂಲಕ. ಎರಕದ ಕಬ್ಬಿಣದ ಒಂದು ಕೊಳವೆಯ ತುದಿಯನ್ನು ಇನ್ನೊಂದರ ಅಗಲವಾದ ಬಾಯಿಯೊಳಗೆ ತೂರಿಸಿದರೆ ಸುತ್ತಲೂ ಉಂಗುರದಂತಹ ಸಂದು ಉಳಿಯುತ್ತದೆ. ಅದಕ್ಕೆ ಕರಗಿದ ಸೀಸವನ್ನು ಹೊಯ್ಯಬೇಕು. ನಾನು ಚಿಕ್ಕವನಾಗಿದ್ದಾಗ ನಮ್ಮ ಬೀದಿಯಲ್ಲಿ ಕೊಳವೆ ಹೂಳುವಾಗ ಶಾಲೆ ತಪ್ಪಿಸಿ ಇದನ್ನು ನೋಡುತ್ತ ನಿಂತಿದ್ದೆ. ಗುಂಡಿಯ ಪಕ್ಕದಲ್ಲಿ ಒಲೆ, ಅದರ ಮೇಲೆ ಕಬ್ಬಿಣದ ಬೋಗುಣಿಯಲ್ಲಿ ಕನ್ನಡಿಯಂತೆ ಹೊಳೆಯುವ ಸೀಸ. ಸೀಸಕ್ಕೆ ಮೊದಲು ಒಬ್ಬ ಮುದುಕ ಸೆಣಬಿನ ನೂಲನ್ನು ಜಡೆಯಂತೆ ಹೊಸೆದು, ಆ ಉಂಗುರದ ಎಡೆಗೆ ಸುತ್ತಿ ಸುತ್ತಿ ಉಳಿಯಿಂದ ಬಡಿಯುತ್ತಿದ್ದ. ನೂಲಿಲ್ಲದೆ ಹೊಯ್ದರೆ ಸೀಸವೆಲ್ಲ ಕೊಳವೆಯೊಳಕ್ಕೆ ಓಡಿಹೋಗುತ್ತದೆ. ನೀರನ್ನು ತಡೆಯುವುದು ಸೀಸ. ಸೀಸವನ್ನು ತಡೆಯುವುದು ಸೆಣಬು. ಆ ಹುಡುಗ ಹೇಳಿದ ‘ಸುಮ್ನೆ ಒಳಗೆ ಕೂತಿರುತ್ತೆ’ ಎಂಬ ಮಾತಿನ ಅರ್ಧ ಅರ್ಥ ಇಲ್ಲಿದೆ.

ಉಳಿದ ಅರ್ಧ ತಿಳಿಯಬೇಕಾದರೆ ಸುಣ್ಣದಿಂದ ಸಿಮೆಂಟಿಗೆ ಬರಬೇಕು. ನನ್ನ ತಂದೆಯ ಕಾಲದ ಗಾರೆಗೋಡೆ ಅಲುಗುತ್ತಿರಲಿಲ್ಲವೆಂದಲ್ಲ. ಪ್ರತಿಯೊಂದು ಇಟ್ಟಿಗೆಯ ಸುತ್ತಲೂ ಸುಣ್ಣದ ಮೆತ್ತನೆಯ ಸಂದಿತ್ತು. ಗೋಡೆಯ ಚಲನೆಯೆಲ್ಲ ಆ ಸಾವಿರಾರು ಸಂದುಗಳಲ್ಲಿ ಕೂದಲಿನಷ್ಟು ಕೂದಲಿನಷ್ಟು ಹಂಚಿಹೋಗುತ್ತಿತ್ತು. ಸಣ್ಣ ಸೀಳು ಬಿಟ್ಟರೂ ಮಳೆನೀರಿನಲ್ಲಿ ಕರಗಿದ ಸುಣ್ಣ ಅಲ್ಲಿಯೇ ಮತ್ತೆ ಹೆಪ್ಪುಗಟ್ಟಿ ತಾನೇ ಮುಚ್ಚಿಕೊಳ್ಳುತ್ತಿತ್ತು. ಸಿಮೆಂಟು ಬಳಸದೆ ಸುಣ್ಣ ಸುರ್ಕಿಗಳಿಂದಲೇ ಕನ್ನಂಬಾಡಿಯಂತಹ ಅಣೆಕಟ್ಟನ್ನು ಕಟ್ಟಿದ ನಾಡು ನಮ್ಮದು. 1824ರಲ್ಲಿ ಜೋಸೆಫ್ ಆಸ್ಪ್ಡಿನ್ ಎಂಬ ಇಂಗ್ಲೆಂಡಿನ ಗಾರೆಕೆಲಸದವನು ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟು ಪಡೆದ. ಅದು ಬೆಳೆದು ಕಬ್ಬಿಣದೊಡನೆ ಕೂಡಿ ಕಾಂಕ್ರೀಟು ಆದ ಮೇಲೆ ಕಟ್ಟಡ ಒಂದೇ ಬಂಡೆಯಾಯಿತು. ವಜ್ರಲೇಪದ ಆಸೆ ಈಡೇರಿತೆಂದೇ ತಿಳಿಯಬಹುದಿತ್ತು. ಆದರೆ ಬಂಡೆಯೂ ಬಿಸಿಲಿಗೆ ಹಿಗ್ಗುತ್ತದೆ. ಮೂವತ್ತು ಮೀಟರು ಉದ್ದದ ಕಾಂಕ್ರೀಟು ಮೂವತ್ತು ಡಿಗ್ರಿ ಬಿಸಿಯೇರಿದರೆ ಸುಮಾರು 9 ಮಿಲಿಮೀಟರು ಬೆಳೆಯುತ್ತದೆ. ಆ ಬೆಳವಣಿಗೆಗೆ ಎಡೆ ಕೊಡದಿದ್ದರೆ ಅದು ತಾನೇ ಎಡೆ ಮಾಡಿಕೊಳ್ಳುತ್ತದೆ. ರೈಲುಕಂಬಿಗಳ ನಡುವೆ ಸಂದು ಬಿಟ್ಟವರಿಗೆ ಇದು ಮೊದಲೇ ಗೊತ್ತಿತ್ತು. ಮನೆ ಕಟ್ಟುವವರು ಹತ್ತೊಂಬತ್ತನೆಯ ಶತಮಾನ ಕಳೆದ ಮೇಲೆ ಕಲಿತರು: ಸಾವಿರ ಸಂದುಗಳಲ್ಲಿ ಚೆದುರಿಹೋಗುತ್ತಿದ್ದ ಚಲನೆಯನ್ನು ಒಂದೆರಡು ಕಡೆಗೆ ಕೂಡಿಹಾಕಿ, ಅಲ್ಲಿ ಬೇಕೆಂದೇ ಎಡೆ ಬಿಡಬೇಕು.

ಬಿಟ್ಟ ಎಡೆಗೆ ಏನನ್ನು ತುಂಬುವುದು? ಅಗಸೆ ಎಣ್ಣೆ, ಸೀಮೆಸುಣ್ಣ ಕಲಸಿದ ಪುಟ್ಟಿ ಕಿಟಕಿಯ ಗಾಜಿಗೆ ಸಾಕು. ಅದು ಕೆಲವು ವರ್ಷದಲ್ಲಿ ಒಣಗಿ ಬಿರಿಯುತ್ತದೆ. ಡಾಂಬರು ಚಳಿಗೆ ಸೆಟೆಯುತ್ತದೆ, ಬಿಸಿಲಿಗೆ ಇಳಿಯುತ್ತದೆ. ಬೇಕಾಗಿದ್ದದ್ದು ಅಂಟುವ, ಆದರೆ ರಬ್ಬರಿನಂತೆ ಎಳೆದಾಡುವ ಒಂದು ವಸ್ತು. ಅದು ಸಿಕ್ಕಿದ್ದು ಬೇರೇನನ್ನೋ ಹುಡುಕುತ್ತಿದ್ದವನಿಗೆ. 1920ರ ದಶಕದಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಜೋಸೆಫ್ ಪ್ಯಾಟ್ರಿಕ್ ಎಂಬಾತ, ಮೋಟಾರಿನ ನೀರು ಚಳಿಗೆ ಹೆಪ್ಪುಗಟ್ಟದಂತೆ ಮಾಡುವ ದ್ರಾವಣವನ್ನು ಅರಸುತ್ತ ಎರಡು ರಾಸಾಯನಿಕಗಳನ್ನು ಬೆರೆಸಿದ. ಬಂದದ್ದು ಕೆಟ್ಟ ನಾತ ಬೀರುವ ಒಂದು ಅಂಟು ಮುದ್ದೆ. ಅದು ಯಾವ ಎಣ್ಣೆಗೂ ಕರಗಲಿಲ್ಲ. ಗ್ರೀಕಿನ ಗಂಧಕ ಮತ್ತು ಗೋಂದು ಎಂಬ ಎರಡು ಶಬ್ದಗಳಿಗೆ ಸಂಧಿ ಮಾಡಿ ಅದಕ್ಕೆ ‘ಥಯೋಕಾಲ್’ ಎಂದು ಹೆಸರಿಟ್ಟರು. 1929ರಲ್ಲಿ ಅದೇ ಹೆಸರಿನ ಕಂಪನಿ ಹುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಪೆಟ್ರೋಲು ತೊಟ್ಟಿಯ ಸಂದುಗಳಿಗೆ ಬಳಕೆಯಾದ ಆ ಅಂಟು, ಯುದ್ಧ ಮುಗಿದ ಮೇಲೆ ಗಾಜಿನ ಗೋಡೆಗಳ ಎತ್ತರದ ಕಟ್ಟಡಗಳಿಗೆ ಬಂತು.

ಇನ್ನು ನಮ್ಮ ಹಗ್ಗದ ಸರದಿ. ಆ ಹೊಸ ಅಂಟನ್ನು ಸಂದಿನ ಆಳಕ್ಕೆಲ್ಲ ತುಂಬಿದಷ್ಟೂ ಭದ್ರ ಎಂದು ಯಾರಾದರೂ ತಿಳಿದಾರು, ನಾನೂ ತಿಳಿದಿದ್ದೆ. ನಡೆಯುವುದು ಅದಕ್ಕೆ ವಿರುದ್ಧ. ರಬ್ಬರನ್ನು ಎಳೆದಾಗ ಅದು ನಡುವೆ ಸೊಂಟ ಸಣ್ಣಗಾಗಿ ಹಿಗ್ಗುತ್ತದೆ. ತೆಳುಪಟ್ಟಿ ಸುಲಭವಾಗಿ ಹಿಗ್ಗಬಲ್ಲದು. ದಪ್ಪದಿಮ್ಮಿಯ ಮೇಲ್ಮೈ ಬಹಳ ಒಳಕ್ಕೆ ಸೆಳೆಯಲ್ಪಟ್ಟು ಅಂಚಿನಲ್ಲಿ ಕಿತ್ತುಕೊಳ್ಳುತ್ತದೆ. 1959ರಲ್ಲಿ ಈಗನ್ ಟಾನ್ಸ್ ಎಂಬ ಇಂಜಿನಿಯರು ರಸ್ತೆಯ ಸಂದುಗಳನ್ನು ಕುರಿತು ಇದನ್ನು ಲೆಕ್ಕ ಹಾಕಿ ತೋರಿಸಿದರು. ಅಂಟು ಎರಡು ಪಕ್ಕದ ಗೋಡೆಗಳನ್ನು ಮಾತ್ರ ಹಿಡಿಯಬೇಕು. ಹಿಂಬದಿಗೂ ಅಂಟಿಕೊಂಡರೆ ಮೂರು ಕಡೆ ಕಟ್ಟಿಹಾಕಿದ ಪ್ರಾಣಿಯಂತೆ ಅದು ಯಾವ ಕಡೆಗೂ ಚಾಚಲಾರದು, ಹರಿಯುತ್ತದೆ.

ಆದ್ದರಿಂದ ಒಳಗೆ ಒಂದು ಹಗ್ಗ ಬೇಕು, ಅಂಟಿಗೆ ಅಂಟದ ಹಗ್ಗ. ಓಕಂ, ಸೆಣಬುಗಳು ನೀರನ್ನು ಹೀರುತ್ತವೆ, ಕೊಳೆಯುತ್ತವೆ. ಇದಕ್ಕೆ ಒದಗಿದ್ದು ಪಾಲಿಥೀನು. 1933ರ ಮಾರ್ಚಿನಲ್ಲಿ ಇಂಗ್ಲೆಂಡಿನ ಗಿಬ್ಸನ್ ಮತ್ತು ಫಾಸೆಟ್ ಎಂಬಿಬ್ಬರು ರಸಾಯನಜ್ಞರ ಪ್ರಯೋಗಪಾತ್ರೆಯ ತಳದಲ್ಲಿ ಮೇಣದಂತೆ ಕಾಣಿಸಿಕೊಂಡ ಈ ಪದಾರ್ಥದ ಗುಣವೆಂದರೆ ಅದಕ್ಕೆ ಸುಲಭವಾಗಿ ಯಾವುದೂ ಹತ್ತುವುದಿಲ್ಲ. ತಾವರೆ ಎಲೆಯ ಮೇಲಿನ ನೀರಿನಂತೆ. ಅದನ್ನು ನೊರೆಯಾಗಿಸಿ ಹಗ್ಗ ಮಾಡಿದರೆ ಹಗುರ, ಮೆತ್ತಗೆ, ನೀರು ಕುಡಿಯದು. 20 ಮಿಲಿಮೀಟರಿನ ಸಂದಿಗೆ 25 ಮಿಲಿಮೀಟರಿನ ಹಗ್ಗ. ಅದು ಅಮುಕಿಕೊಂಡು ಕೂರಬೇಕು. ಮೇಲಿನ ಅಂಟು ಸಂದಿನ ಅಗಲದ ಅರ್ಧದಷ್ಟು ಮಾತ್ರ ಆಳ, ಹಗ್ಗದ ದುಂಡುಬೆನ್ನಿನ ಮೇಲೆ ಕೂತು ನಡುವೆ ಡಮರುವಿನಂತೆ ತೆಳ್ಳಗೆ. ನಮ್ಮ ಹುಡುಗ ಹಗ್ಗವನ್ನು ಒಳಕ್ಕೆ ಒತ್ತಲು ಮೊಂಡಾದ ಮರದ ಚಕ್ಕೆಯನ್ನು ಬಳಸಿದ. ಉಳಿ ಇಲ್ಲವೇನೋ ಎಂದು ನನ್ನ ಸ್ಕ್ರೂಡ್ರೈವರ್ ತಂದುಕೊಟ್ಟರೆ ಬೇಡವೆಂದ. ಚೂಪು ತಗುಲಿ ಹಗ್ಗಕ್ಕೆ ತೂತಾದರೆ ಒಳಗಿನ ಗಾಳಿ ಹೊರಟು ಹಸಿ ಅಂಟಿನಲ್ಲಿ ಗುಳ್ಳೆ ಏಳುತ್ತದಂತೆ.

ಅವನು ಕೆಲಸ ಮಾಡುತ್ತಿದ್ದಾಗ ನನಗೆ ಹೊಳೆದದ್ದು ಆಗಮಸಂಧಿ. ‘ಮನೆ’ಗೆ ‘ಅನ್ನು’ ಸೇರುವಾಗ ಎರಡು ಸ್ವರಗಳೂ ಉಳಿಯಬೇಕಾದರೆ ನಡುವೆ ಒಂದು ಯಕಾರ ಬಂದು ಕೂರುತ್ತದೆ: ಮನೆಯನ್ನು. ಅದಕ್ಕೆ ತನ್ನದೆಂಬ ಅರ್ಥವಿಲ್ಲ. ಸಂಧಿಯೇ ಕೂಡದ ಎಡೆಗಳೂ ಇವೆ. ‘ಅಯ್ಯೋ ಇದೇನು’ ಎನ್ನುವಾಗ ಕೂಡಿಸಬಾರದು, ಅದು ಪ್ರಕೃತಿಭಾವ. ಕೇಶಿರಾಜನೂ ಸಂಧಿಯಾಗದ ಎಡೆಗಳನ್ನು ಹೆಸರಿಸಿದ್ದಾನೆ. ಅದನ್ನು ಪ್ರತಿವರ್ಷವೂ ಪಾಠ ಹೇಳುತ್ತಿದ್ದವನು, ಒಂದು ಬೆರಳು ಎಡೆ ಬಿಡುತ್ತೇನೆಂದ ಮೇಸ್ತ್ರಿಯನ್ನು ಗೇಲಿ ಮಾಡಿ, ಕೂಡಬಾರದ ಕಡೆ ಕೂಡಿಸಿದ್ದೆ.

ನನ್ನ ನಷ್ಟ ಏಳು ನೋಟುಪುಸ್ತಕಗಳಲ್ಲಿ ಐದು. ಇದಕ್ಕಿಂತ ಘೋರವಾದದ್ದನ್ನು ಜಗತ್ತು ಕಂಡಿದೆ. ಥಯೋಕಾಲ್ ಅಂಟು ರಾಕೆಟ್ಟಿನ ಘನ ಇಂಧನವನ್ನು ಹಿಡಿದಿಡಲೂ ಒದಗಿತು. ಆ ದಾರಿಯಿಂದಲೇ ಕಂಪನಿ ರಾಕೆಟ್ಟಿನ ವ್ಯವಹಾರಕ್ಕೆ ಇಳಿದು, ಅಮೆರಿಕದ ಬಾಹ್ಯಾಕಾಶ ವಿಮಾನಗಳನ್ನು ಮೇಲಕ್ಕೆ ತಳ್ಳುವ ಬೂಸ್ಟರುಗಳನ್ನು ಕಟ್ಟಿತು. ಆ ಬೂಸ್ಟರಿನ ತುಂಡುಗಳು ಕೂಡುವ ಸಂದುಗಳಲ್ಲಿ ರಬ್ಬರಿನ ತೆಳು ಉಂಗುರಗಳಿದ್ದವು. 1986ರ ಜನವರಿ 28ರ ಬೆಳಗ್ಗೆ ಫ್ಲಾರಿಡಾದಲ್ಲಿ ಅಸಾಧಾರಣ ಚಳಿ. ಹಿಂದಿನ ರಾತ್ರಿ ಕಂಪನಿಯ ಇಂಜಿನಿಯರುಗಳು ಉಡಾವಣೆ ಬೇಡವೆಂದು ವಾದಿಸಿದ್ದರು; ಮೇಲಿನವರು ಒಪ್ಪಲಿಲ್ಲ. ಹಾರಿದ 73ನೆಯ ಸೆಕೆಂಡಿಗೆ ಚಾಲೆಂಜರ್ ಛಿದ್ರವಾಯಿತು, ಏಳು ಜನ ಸತ್ತರು. ತನಿಖೆಯ ಸಭೆಯಲ್ಲಿ ಭೌತವಿಜ್ಞಾನಿ ಫೈನ್ಮನ್ ಆ ಉಂಗುರದ ರಬ್ಬರಿನ ತುಂಡೊಂದನ್ನು ಇಕ್ಕಳದಲ್ಲಿ ಅದುಮಿ ಮಂಜುನೀರಿನಲ್ಲಿ ಅದ್ದಿ ತೆಗೆದರು. ಇಕ್ಕಳವನ್ನು ಸಡಿಲಿಸಿದರೂ ರಬ್ಬರು ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ಸಂದು ಅಲುಗಿ ಅಗಲವಾದಾಗ ಅದನ್ನು ಹಿಂಬಾಲಿಸಿ ತುಂಬಬೇಕಾದ ರಬ್ಬರು ಚಳಿಗೆ ಮೈಮರೆತಿತ್ತು.

ನನ್ನ ಕೋಣೆಯ ಕೆಲಸ ಒಂದೂವರೆ ದಿನದಲ್ಲಿ ಮುಗಿಯಿತು. ಮೊದಲು ಹಳೆಯ ಸಿಮೆಂಟನ್ನೆಲ್ಲ ಕೊರೆದು ತೆಗೆದು, 2001ರಲ್ಲಿ ಮೇಸ್ತ್ರಿ ಬಿಡುತ್ತೇನೆಂದಿದ್ದ ಆ ಒಂದು ಬೆರಳು ಎಡೆಯನ್ನು ಬಿಡಿಸಬೇಕಾಯಿತು. ಹೆಚ್ಚಿನ ಹೊತ್ತು ಹಿಡಿದದ್ದು ಅದಕ್ಕೇ. ಆಮೇಲೆ ಬೂದಿಹಗ್ಗ, ಅದರ ಮೇಲೆ ಅಂಟು, ಸೋಪಿನ ನೀರಿನಲ್ಲಿ ಅದ್ದಿದ ಕರಣೆಯಿಂದ ಒಂದು ಎಳೆತ. ಆ ಜೂನಿನಲ್ಲಿ ಗೋಡೆ ಒಣಗಿಯೇ ಇತ್ತು.

ಗುರುಗಳ ಮಗಳಿಗೆ ನಡೆದದ್ದನ್ನು ತಿಳಿಸಲು ನನಗೆ ಇನ್ನೂ ಒಂದು ವರ್ಷ ಬೇಕಾಯಿತು. ಉಳಿದ ಎರಡು ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ. ಎಲ್ಲವನ್ನೂ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪನ ಅಕ್ಷರ ಹೇಗೂ ಯಾರಿಗೂ ಓದಲು ಬರುತ್ತಿರಲಿಲ್ಲ. ಕಾಫಿ ತಗೊಳ್ಳಿ, ಆರಿಹೋಗುತ್ತೆ’ ಎಂದರು. ಆ ಎರಡು ಪುಸ್ತಕಗಳನ್ನು ಈಗ ಪ್ರತಿ ಮಾಡುತ್ತಿದ್ದೇನೆ. ಅವುಗಳಲ್ಲಿ ಸಂಧಿಪ್ರಕರಣವಿಲ್ಲ.

ಹುಡುಗ ಕೂಲಿ ಎಣಿಸಿಕೊಂಡು ಹೊರಟಾಗ, ಇದು ಎಷ್ಟು ಕಾಲ ಬಾಳುತ್ತದೆಂದು ಕೇಳಿದ್ದೆ. ವರಾಹಮಿಹಿರನ ಒಂದು ಕೋಟಿ ವರ್ಷದ ಭರವಸೆ ಅವನಿಗೆ ಗೊತ್ತಿಲ್ಲ. ‘ಹತ್ತು ಹದಿನೈದು ವರ್ಷ ಏನೂ ಆಗಲ್ಲ ಸಾರ್’ ಎಂದ. ‘ಆಮೇಲೆ ಕಿತ್ತು ಹೊಸದು ಹಾಕಿಸ್ಬೇಕು. ಫೋನ್ ಮಾಡಿ, ಬರ್ತೀನಿ.’